ಸಿಂಧೂಕಾಕುವಿನ ಫೋನು

ಫೋನ್ ಎತ್ತಿ ಸಿಂಧೂಕಾಕು 'ಹಲೋ' ಅಂದದ್ದನ್ನು ನಾನು ಕೇಳಿಲ್ಲ. 'ಯಾರು ಬೇಕು?' ಎನ್ನುತ್ತಿದ್ದರು, ಅದೂ ಗದರಿಸಿದ ಹಾಗೆ. ಆ ಕಡೆಯವರು ಎಷ್ಟೇ ದೊಡ್ಡ ಮನುಷ್ಯರಿರಲಿ, ಒಂದು ಗಳಿಗೆ ತಬ್ಬಿಬ್ಬಾಗಿ ನಮ್ಮ ಓಣಿಯ ಯಾರದೋ ಹೆಸರು ಹೇಳಬೇಕು. 'ಯಾವೂರಿಂದ?' ಎಂದು ಇನ್ನೊಂದು ಪ್ರಶ್ನೆ. ಅದಕ್ಕೂ ಉತ್ತರ ಸಿಕ್ಕ ಮೇಲೆ, 'ಇಡ್ರಿ. ಹತ್ತು ಮಿನಿಟು ಬಿಟ್ಟು ಮತ್ತ ಮಾಡ್ರಿ, ಕರಸ್ತೀನಿ' ಎಂದು ಟಪ್ಪನೆ ಇಟ್ಟು, ಸೆರಗು ಸಿಕ್ಕಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಬಂದು ನಿಲ್ಲುತ್ತಿದ್ದರು. ಆಮೇಲೆ ಕೂಗು. ಫೋನ್ ಮಾಡಿದವರ ಹೆಸರಲ್ಲ, ಊರಿನ ಹೆಸರು. 'ಶರಣಮ್ಮಾ, ಚಿಂಚೋಳಿ.' 'ಮಹಬೂಬಾ, ವಾಡಿ.' 'ಏ ದೇವಕ್ಕಾ, ನಾಲವಾರ ಬಂದದ ನೋಡು.' ಶಹಾಬಾದಿನ ಆ ಓಣಿಯಲ್ಲಿ ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು. ಕೂಗು ಎಲ್ಲೂ ಇಂಗದೆ ಕೊನೆಯ ಮನೆಯವರೆಗೂ ಹೋಗುತ್ತಿತ್ತು. ಹಿಟ್ಟಿನ ಕೈಯಲ್ಲೇ ಓಡಿ ಬರುವವರು, ಸ್ನಾನ ಅರ್ಧಕ್ಕೆ ಬಿಟ್ಟು ಬರುವವರು, ಎಲ್ಲರೂ ಓಣಿಗೇ ಚಿಕ್ಕಮ್ಮನಾಗಿದ್ದ ಕಾಕುವಿನ ಪಡಸಾಲೆಗೇ.

ಮೊಬೈಲ್ ಇಲ್ಲದ ಆ ಕಾಲ ಎಷ್ಟು ಚೆಂದ ಇತ್ತು, ಕಾಯುವುದರಲ್ಲೂ ಒಂದು ಸುಖ ಇತ್ತು ಎಂದು ಈಗ ನನ್ನ ಓರಗೆಯವರು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಏನು ಸುಖ? ಗಂಡಸರಿಗೆ ಇತ್ತೇನೋ. ಅವರು ಬಸ್ಸು ಹತ್ತಿ ಸೇಡಂಗೆ ಹೋಗುತ್ತಿದ್ದರು, ರೈಲು ಹತ್ತಿ ವಾಡಿಗೆ ಹೋಗುತ್ತಿದ್ದರು, ಬೇಕಾದವರನ್ನು ನೋಡಿ ಬರುತ್ತಿದ್ದರು. ನನ್ನ ಅವ್ವ ಎಲ್ಲಿಗೆ ಹೋಗಬೇಕಾಗಿತ್ತು? ತನ್ನ ತಾಯಿ ಬದುಕಿದ್ದಾಳೋ ಇಲ್ಲವೋ ಎಂಬುದನ್ನು ತಿಳಿಯಲು ಅವಳು ಇನ್ನೊಬ್ಬರ ಮನೆಯ ಕಟ್ಟೆಯ ಕಡೆ ನೋಡುತ್ತ ಕೂರಬೇಕಾಗಿತ್ತು. ಅದನ್ನು ಚೆಂದ ಎಂದು ಕರೆಯಲು ನಾನು ತಯಾರಿಲ್ಲ. ಆ ಕಾಲದಲ್ಲಿ ಚೆಂದ ಅಂತ ಏನಾದರೂ ಇದ್ದರೆ ಅದು ಸಿಂಧೂಕಾಕು ಒಬ್ಬರೇ, ಮತ್ತು ಅವರು ನೋಡಲು ಚೆಂದವೂ ಇರಲಿಲ್ಲ. ಕುಳ್ಳು, ಸಿಡುಕು ಮುಖ, ಬಲಗಣ್ಣಿನ ಕೆಳಗೆ ದೊಡ್ಡ ಮಚ್ಚೆ.

ಆ ಫೋನು ಅವರ ಮನೆಗೆ ಬಂದದ್ದೇ ಒಂದು ಜಗಳದಿಂದ. ಕಾಕುವಿನ ಗಂಡ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದವರು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರು. ಫೋನು ಮಂಜೂರಾಗುವ ಹೊತ್ತಿಗೆ ಅವರೇ ಇರಲಿಲ್ಲ. ಲೈನ್‌ಮನ್ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದು ನಿಂತ ದಿನ, ಪಕ್ಕದ ಮನೆಯಲ್ಲೇ ಇದ್ದ ಕಾಕುವಿನ ಭಾವ ಹೊರಗೆ ಬಂದರು. ಇವರು ಗುಡಿಯ ಪೂಜೆ ಮಾಡುವ ಆಚಾರ್ಯರು, ಮನೆತನದ ಹಿರಿಯರು. 'ವಾಪಸ್ ತೊಗೊಂಡು ಹೋಗ್ರಿ. ಅರ್ಜಿ ಹಾಕಿದಾವ ಹೋದ. ಮಕ್ಕಳಿಲ್ಲ ಮರಿಯಿಲ್ಲ, ಒಂಟಿ ಹೆಣ್ಣುಮಗಳಿಗೆ ಫೋನ್ ಯಾಕ ಬೇಕು?' ಎಂದರು. ಕಾಕು ಬಾಗಿಲಲ್ಲಿ ನಿಂತು ಲೈನ್‌ಮನ್‌ಗೆ ಹೇಳಿದ್ದು ಇಷ್ಟೇ: 'ಹಚ್ಚಪ್ಪ ನೀ. ಯಾಕ ಬೇಕು ಅಂತ ಆಮ್ಯಾಲ ನೋಡ್ತೀನಿ.'

ಯಾಕೆ ಬೇಕು ಎಂಬುದು ತಿಂಗಳೊಳಗೆ ಗೊತ್ತಾಯಿತು. ಓಣಿಯವರೆಲ್ಲ ಆ ನಂಬರನ್ನು ತಮ್ಮದೇ ಮಾಡಿಕೊಂಡರು. ನಂಬರಿನ ಮುಂದೆ 'ಪಿ.ಪಿ.' ಎಂದು ಬರೆದರೆ ಪಕ್ಕದ ಮನೆಯ ಫೋನು, ಕರೆಯಲು ಹೇಳಬೇಕು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಲಗ್ನಪತ್ರಿಕೆಗಳಲ್ಲಿ ಅದೇ ನಂಬರು, ನೌಕರಿಯ ಅರ್ಜಿಗಳಲ್ಲಿ ಅದೇ ನಂಬರು. ಕಲ್ಲು ಪಾಲಿಶ್ ಮಾಡಿಸುತ್ತಿದ್ದ ಮಹಬೂಬ್ ಚಾಚಾ ಕೇಳದೆಯೇ ತನ್ನ ಅಂಗಡಿಯ ಬೋರ್ಡಿನ ಮೇಲೆ ಅದನ್ನು ಕೆಂಪು ಅಕ್ಷರದಲ್ಲಿ ಬರೆಸಿಬಿಟ್ಟ. ಕಾಕು ಹೋಗಿ ಬೋರ್ಡು ನೋಡಿ, 'ನನ್ನ ಕೇಳಬೇಕಿತ್ತಲ್ಲೋ' ಎಂದರಂತೆ. 'ಕೇಳಿದ್ರ ನೀವು ಬೈತಿದ್ರಿ ಕಾಕು' ಎಂದನಂತೆ ಚಾಚಾ. 'ಈಗೂ ಬೈತೀನಿ' ಎಂದು ಬೈದು, ನಂಬರಿನಲ್ಲಿ ತಪ್ಪಾಗಿದ್ದ ಒಂದು ಅಂಕಿಯನ್ನು ಅಲ್ಲೇ ನಿಂತು ಸರಿ ಮಾಡಿಸಿ ಬಂದರು.

ಆಚಾರ್ಯರಿಗೆ ಇದನ್ನು ಸಹಿಸಲಾಗಲಿಲ್ಲ. ಮಡಿಯ ಮನೆಯಲ್ಲಿ ಎಲ್ಲ ಜಾತಿಯ ಮಂದಿ ಹೊತ್ತುಗೊತ್ತಿಲ್ಲದೆ ಬಂದು ಕೂರುವುದೆಂದರೇನು? ಬೇಕಾದರೆ ಫೋನನ್ನು ಕಿಟಕಿಯಲ್ಲಿ ಇಡು, ಬಂದವರು ಬೀದಿಯಲ್ಲೇ ನಿಂತು ಮಾತಾಡಿ ಹೋಗಲಿ ಎಂದು ಹೇಳಿ ಕಳಿಸಿದರು. ಕಾಕು ತಾವೇ ಹೋಗಿ ಉತ್ತರ ಕೊಟ್ಟರು: 'ಫೋನ್ ಬಂದಾಗ ನಗೋರಿಗಿಂತ ಅಳೋರೇ ಭಾಳ ಇರ್ತಾರ. ಅವರು ಬೀದ್ಯಾಗ ನಿಂತು ಅಳಬೇಕೇನು? ನಿಮಗ ಅಷ್ಟು ಮೈಲಿಗಿ ಆಗ್ತಿದ್ರ ನಮ್ಮ ಮನಿ ನೀರು ಕುಡೀಬ್ಯಾಡ್ರಿ.' ಮರುದಿನ ಫೋನಿನ ಪಕ್ಕಕ್ಕೆ ಒಂದು ಕಬ್ಬಿಣದ ಕುರ್ಚಿ ಬಂತು. ಆಚಾರ್ಯರು ನಿಜವಾಗಿಯೂ ಆ ಮನೆಯ ನೀರು ಬಿಟ್ಟರು. ಕಾಕು ಕುರ್ಚಿ ತೆಗೆಯಲಿಲ್ಲ.

ಇನ್ನೊಂದು ಪದ್ಧತಿಯನ್ನು ಹೇಳಬೇಕು. ಸಾವಿನ ಸುದ್ದಿ ಬಂದರೆ ಕಾಕು ಕೂಗುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಸುಮ್ಮನೆ ಆ ಮನೆಗೆ ನಡೆದು ಹೋಗುತ್ತಿದ್ದರು. ಹೀಗಾಗಿ ಕಾಕು ಕೂಗಿದರೆ ಯಾರಿಗೂ ಭಯವಿರಲಿಲ್ಲ. ಕೂಗದೆ ನಡೆದು ಹೊರಟರೆ ಓಣಿಯ ಹೆಂಗಸರು ಕೈಕೆಲಸ ಬಿಟ್ಟು, ಯಾರ ಮನೆಯ ಮುಂದೆ ನಿಲ್ಲುತ್ತಾರೋ ಎಂದು ಉಸಿರು ಹಿಡಿದು ನೋಡುತ್ತಿದ್ದರು.

ಈಗ ನಮ್ಮ ಮನೆಯ ಮಾತು. ಕಾಕು ಕೂಗುತ್ತಿದ್ದ ಶರಣಮ್ಮ ನನ್ನ ಅವ್ವನೇ, ಅವಳ ತವರು ಚಿಂಚೋಳಿ. ಅಲ್ಲಿ ಆಯಿ, ಅಂದರೆ ಅವ್ವನ ತಾಯಿ, ಮತ್ತು ಬಸಪ್ಪ ಮಾಮಾ. ಮಾಮಾ ಅವ್ವನ ಒಬ್ಬನೇ ತಮ್ಮ, ತೊಗರಿ ವ್ಯಾಪಾರ, ಅಡತಿ ಅಂದರೆ ದಲ್ಲಾಳಿ ಅಂಗಡಿ, ಊರಿನಲ್ಲಿ ಹೆಸರಿದ್ದವನು. ನಮ್ಮಲ್ಲಿ ಅಕ್ಕನ ಮಗಳು ಸೋದರಮಾವನಿಗೇ ಎನ್ನುವುದು ಕೇಳಿ ಮಾಡುವ ಮಾತಲ್ಲ, ತಾನಾಗಿ ಆಗುವ ಮಾತು. ನನ್ನ ಅಕ್ಕ ಸುನಂದಾ ಹತ್ತನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಮಾಮಾ ಸೀರೆ, ಕುಪ್ಪಸ ತಂದು ಇಟ್ಟ. ಅಕ್ಕ ಅವನ್ನು ಮುಟ್ಟಲಿಲ್ಲ. 'ನಾ ಒಲ್ಲೆ. ನಾ ಓದ್ತೀನಿ' ಎಂದಳು.  ಅವ್ವ ಎದ್ದು ಆ ಸೀರೆಯನ್ನು ಮಡಿಚಿ ತಮ್ಮನ ಕೈಗೆ ಕೊಟ್ಟು, 'ಹುಡುಗಿ ಒಲ್ಲೆ ಅಂತದ, ಬಸಪ್ಪ. ನನ್ನ ಕೈಲೆ ಜುಲುಮಿ ಮಾಡ್ಲಿಕ್ಕ ಆಗಂಗಿಲ್ಲ' ಎಂದಳು. ಮಾಮಾ ಸೀರೆ ತೆಗೆದುಕೊಂಡು ಎದ್ದ. 'ಇವತ್ತಿನಿಂದ ನಿನಗ ಚಿಂಚೋಳಿ ಇಲ್ಲ' ಎಂದು ಹೇಳಿ ಹೋದ.

ಹೋದವನು ಸುಮ್ಮನೆ ಹೇಳಿ ಹೋಗಿರಲಿಲ್ಲ. ಅಂಗಡಿಯಲ್ಲಿದ್ದ ಫೋನಿಗೆ ಪುಟ್ಟ ಬೀಗ ಹಾಕಿದ. ನಂಬರು ತಿರುಗಿಸಲು ಬಾರದಂತೆ ಮಾಡುವ ಬೀಗ ಅದು, ಆಗ ಎಲ್ಲ ಅಂಗಡಿಗಳಲ್ಲೂ ಇರುತ್ತಿತ್ತು. ಒಳಗೆ ಬರುವ ಫೋನನ್ನು ಅವನೇ ಎತ್ತುತ್ತಿದ್ದ. ಆದರೆ ಆಯಿ ಅವನ ತಾಯಿ ತಾನೆ, ಅವನಿಗಿಂತ ಗಟ್ಟಿ. ಗುರುವಾರ ಗುಡಿಗೆ ಹೋಗುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಅಂಗಡಿಗೆ ಹೋಗಿ, ಅಲ್ಲಿಯವನ ಕೈಯಿಂದ ಕಾಕುವಿನ ನಂಬರು ಹಚ್ಚಿಸುತ್ತಿದ್ದಳು.

ಮೊದಲ ಸಲ ಹೀಗೆ ಫೋನ್ ಬಂದಾಗ ಏನಾಯಿತೆಂದು ನೆನೆದರೆ ಈಗಲೂ ನಗು ಬರುತ್ತದೆ. ಆಯಿ ಕಾಕುವಿಗೆ, 'ಕೂಗಬ್ಯಾಡ್ರಿ ಯವ್ವಾ. ಓಣ್ಯಾಗ ನಮ್ಮ ಬಸ್ಯಾನ ಕಡೀ ಮಂದಿ ಇದ್ದಾರ, ಅವನಿಗಿ ತಿಳೀತದ' ಎಂದಿದ್ದಾಳೆ. ಕಾಕುವಿಗೆ ಅದು ಸರಿ ಎನ್ನಿಸಿದೆ. ಕೂಗದೆ, ಸೆರಗು ತಲೆಯ ಮೇಲೆ ಎಳೆದುಕೊಂಡು, ನಮ್ಮ ಮನೆಗೆ ನಡೆದು ಬಂದರು. ಓಣಿಯ ಹೆಂಗಸರೆಲ್ಲ ನೋಡಿದರು. ಕಾಕು ನಮ್ಮ ಹೊಸ್ತಿಲಲ್ಲಿ ನಿಂತದ್ದೇ ತಡ, ಅವ್ವ 'ನಮ್ಮವ್ವ ಹೋದಳೇ' ಎಂದು ಎದೆ ಬಡಿದುಕೊಂಡು ನೆಲಕ್ಕೆ ಕುಸಿದಳು. ದೇವಕ್ಕ ಓಡಿ ಬಂದು ಅವ್ವನನ್ನು ತಬ್ಬಿಕೊಂಡು ತಾನೂ ಶುರು ಮಾಡಿದಳು. ನಾಲ್ಕು ಮನೆಯವರು ಸೇರಿದರು. ಗದ್ದಲದಲ್ಲಿ ಕಾಕುವಿನ ಮಾತು ಯಾರಿಗೂ ಕೇಳಿಸದು. ಕೊನೆಗೆ ಅವರು ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ತಮ್ಮ ಮಾಮೂಲಿ ಗಂಟಲಲ್ಲಿ ಅರಚಿದರು: 'ಸತ್ತಿಲ್ಲ ಹುಚ್ಚಿ, ಈಗ ಮತ್ತ ಫೋನ್ ಮಾಡ್ತಾಳ. ಎದ್ದು ಬಾ.'

ಗುಟ್ಟು ಅಲ್ಲಿಗೆ ಮುಗಿಯಿತು. ಇಡೀ ಓಣಿಗೆ ತಿಳಿಯಿತು. ಅವ್ವ ಅಳುತ್ತಲೇ ನಗುತ್ತ ಹೋಗಿ ಫೋನು ಹಿಡಿದಳು, ಆಯಿಗೆ ಕಥೆ ಹೇಳಿದಳು, ಆ ಕಡೆ ಆಯಿಯೂ ನಕ್ಕಳಂತೆ. ಆಮೇಲೆ ಹಲವು ಗುರುವಾರ ಅವರು ಮಾತಾಡಿದರು. ಏನು ದೊಡ್ಡ ಮಾತಲ್ಲ, ಮೊಣಕಾಲಿನ ನೋವು, ಉಪ್ಪಿನಕಾಯಿ, ಮಳೆ ಬಂತೇ, ಸುನಂದಾ ಓದುತ್ತಾಳೆಯೇ. ಅಷ್ಟಕ್ಕೇ ಅವ್ವ ವಾರವಿಡೀ ಹಗುರಾಗಿರುತ್ತಿದ್ದಳು.

ಮಾಮಾನಿಗೆ ಸುದ್ದಿ ಮುಟ್ಟಿತು, ಮುಟ್ಟದೇ ಇರುತ್ತದೆಯೇ? ಒಂದು ದಿನ ನೇರ ಕಾಕುವಿನ ಮನೆಗೇ ಬಂದ. ನಮ್ಮ ಮನೆಯ ಮುಂದೆಯೇ ಹಾದು ಹೋದ, ತಿರುಗಿ ನೋಡಲಿಲ್ಲ. ನಾನು ಕಾಕುವಿನ ಮನೆಯಲ್ಲೇ ಇದ್ದೆ, ಎಲ್ಲ ಕೇಳಿಸಿಕೊಂಡೆ.

'ನೋಡ್ರಿ, ನೀವು ದೊಡ್ಡವರು, ಆಚಾರ್ಯರ ಮನಿಯವರು. ನಮ್ಮ ಮನಿ ಜಗಳದಾಗ ನೀವು ಬರಬ್ಯಾಡ್ರಿ' ಎಂದ.

'ನಾ ಎಲ್ಲಿ ಬಂದೀನಿ? ಫೋನ್ ಬರ್ತದ, ಕರೀತೀನಿ.'

'ಇನ್ನ ಮ್ಯಾಲ ಕರೀಬ್ಯಾಡ್ರಿ. ನಮ್ಮ ಮರ್ಯಾದಿ ಹೋಗ್ಯದ. ಅಕ್ಕನ ಮಗಳೇ ಒಲ್ಲೆ ಅಂದಳು ಅಂತ ಊರೆಲ್ಲ ನಗಾಕತ್ತದ.'

'ಒಲ್ಲೆ ಅಂದಾಕಿ ಹುಡುಗಿ. ನಿಮ್ಮವ್ವ ಏನು ಮಾಡ್ಯಾಳ?'

ಮಾಮಾ ಎದ್ದ. ಕಾಕು ಮುಂದುವರಿಸಿದರು: 'ಒಂದು ಕೆಲಸ ಮಾಡು ಬಸಪ್ಪ. ಮಗಳ ನೆನಪು ಮಾಡ್ಕೋಬ್ಯಾಡ ಅಂತ ನಿಮ್ಮವ್ವಗ ಹೇಳು. ಆಕಿ ಹೂಂ ಅಂದ್ರ ನಾನೂ ಕರಿಯೋದು ಬಿಡ್ತೀನಿ. ಈಗ ಚಹಾ ಕುಡದು ಹೋಗು.'

ಅವನು ಚಹಾ ಕುಡಿಯಲಿಲ್ಲ. ಊರಿಗೆ ಹೋಗಿ ಎಸ್.ಟಿ.ಡಿ. ಅಂಗಡಿಯವನಿಗೆ ತಾಕೀತು ಮಾಡಿದ. ಗುರುವಾರದ ಫೋನು ನಿಂತುಹೋಯಿತು. ಅವ್ವ ಗುರುವಾರ ಬಂತೆಂದರೆ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ಅಕ್ಕ ಒಂದು ದಿನ, 'ಅವ್ವಾ, ನನ್ನಿಂದ ಹಿಂಗಾತು. ನಾ ಹೂಂ ಅಂದುಬಿಡ್ಲೇನು?' ಎಂದಳು. ಅವ್ವ ಮೊರ ಕೆಳಗಿಟ್ಟು ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. 'ಮತ್ತೊಮ್ಮಿ ಹಂಗ ಅಂದಿ ಅಂದ್ರ ನೋಡು' ಎಂದಳು. ನಮ್ಮ ಮನೆಯಲ್ಲಿ ಪ್ರೀತಿಯನ್ನು ಹಾಗೆಯೇ ತೋರಿಸುತ್ತಿದ್ದುದು.

ಅಕ್ಕ ಓದಿದಳು. ಟೀಚರ್ ಟ್ರೇನಿಂಗಿಗೂ ಹೋದಳು. ಮಾಮಾನಿಗೆ ಬೇರೆ ಕಡೆಯಿಂದ ಹೆಣ್ಣು ಬಂತು, ಮಕ್ಕಳಾದವು. ಆದರೂ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಚಿಂಚೋಳಿಯ ಆಚೆ, ಕುಂಚಾವರಂ ಕಡೆಯ ಒಬ್ಬ ಬಳೆಗಾರ್ತಿ ನಮ್ಮ ಓಣಿಗೆ ಬಂದವಳು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವ್ವನಿಗೆ ಹೇಳಿದಳು: ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿದೆ, ಹಾಸಿಗೆಯಿಂದ ಏಳುವುದಿಲ್ಲ, ಮಗಳ ಹೆಸರು ಹಿಡಿದು ಕರೆಯುತ್ತಾಳೆ. ಅವ್ವ ಆ ಹೊತ್ತಿಗೇ ಹೊರಡಲು ಎದ್ದಳು. ಅಪ್ಪ ತಡೆದ. 'ಆಯಿ ಕಣ್ಣೆದುರೇ ಅವ ಬಾಗಲಾ ಹಾಕಿದ್ರ? ಆ ಮುದುಕಿ ಅದನ್ನ ನೋಡಿ ಸಾಯಬೇಕೇನು?' ಅಪ್ಪನ ಮಾತು ಸುಳ್ಳಾಗಿರಲಿಲ್ಲ. ಅವ್ವ ಕಾಕುವಿನ ಹತ್ತಿರ ಹೋಗಿ ಕೂತಳು.

ಕಾಕು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. 'ಕಲಬುರ್ಗಿಯಿಂದ ತೊಗರಿ ರೇಟು ಅವನಿಗಿ ಯಾವಾಗ ಬರ್ತದ?'

ಬೆಳಿಗ್ಗೆ ಬಜಾರು ತೆರೆಯುವ ಹೊತ್ತಿಗೆ ಫೋನಿನಲ್ಲೇ ಬರುತ್ತಿತ್ತು. ರೇಟು ತಿಳಿಯದೆ ಅಡತಿಯವನು ಒಂದು ಚೀಲವನ್ನೂ ಕೊಳ್ಳಲಾರ, ಮಾರಲಾರ. ಮರುದಿನ ಅದೇ ಹೊತ್ತಿಗೆ ಕಾಕು ಸ್ನಾನ ಮುಗಿಸಿ, ಒದ್ದೆ ಕೂದಲನ್ನು ಗಂಟು ಹಾಕಿಕೊಂಡು, ಕಬ್ಬಿಣದ ಕುರ್ಚಿಯ ಮೇಲೆ ಕೂತು ಚಿಂಚೋಳಿಯ ನಂಬರು ತಿರುಗಿಸಿದರು. ಅವ್ವ ನೆಲದ ಮೇಲೆ, ನಾನು ಅವಳ ಪಕ್ಕ.

ಆ ಕಡೆ ಮಾಮಾ, 'ಹಾಂ, ಇವತ್ತು ಎಷ್ಟಕ್ಕ ತೆರೀತ್ರಿ?' ಎಂದನಂತೆ.

'ನಿಮ್ಮವ್ವ ಬೇಕು' ಎಂದರು ಕಾಕು.

ಅವನು ಇಟ್ಟ. ಕಾಕು ಮತ್ತೆ ತಿರುಗಿಸಿದರು. ಅವನು ಇಟ್ಟ. ಮತ್ತೆ ತಿರುಗಿಸಿದರು. ಎತ್ತಿ ಪಕ್ಕಕ್ಕಿಟ್ಟರೆ ಕಲಬುರ್ಗಿಯ ರೇಟು ಬರದು. ಸರಿಯಾಗಿ ಇಟ್ಟರೆ ಕಾಕು ಬರುತ್ತಿದ್ದರು. ಬಜಾರಿನ ಹೊತ್ತು ಮುಗಿಯುವ ತನಕ ಹೀಗೆ. ಮರುದಿನ ಮತ್ತೆ ಹೀಗೇ. ಕಾಕುವಿನ ತೋರುಬೆರಳು ಕೆಂಪಗಾಗಿತ್ತು. ಅವ್ವ, 'ಬಿಡ್ರಿ ಕಾಕು, ನಿಮಗ ಬಿಲ್ ಬರ್ತದ' ಎಂದರೆ, 'ಬರ್ಲಿ' ಎಂದರು. ಪೂಜೆಯ ನಡುವೆ ಎದ್ದು ಬಂದ ಆಚಾರ್ಯರು ಹೊರಗಿನಿಂದಲೇ, 'ಇದೇನು ಸಿಂಧೂ, ಮುಂಜಾನೆದ್ದು ಯಾರದೋ ಮನಿ ಜಗಳ?' ಎಂದರು. 'ನೀವು ನಿಮ್ಮ ಗಂಟಿ ಬಾರಸ್ರಿ. ನಾನೂ ಗಂಟಿ ಬಾರಸ್ಲಿಕತ್ತೀನಿ' ಎಂದು ಕಾಕು ತಿರುಗಿಸುತ್ತಲೇ ಇದ್ದರು.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಮಾಮಾ ಫೋನ್ ಎತ್ತಿದವನು ಇಡಲಿಲ್ಲ.  

'ಸಾಕು ಮಾಡ್ರಿ' ಎಂದ ಕೊನೆಗೆ. 'ಕರಸ್ತೀನಿ.'

'ಕರಸು. ನಾ ಹಿಡಕೊಂಡೇ ಕುಂತಿರ್ತೀನಿ.'

ಫೋನಿನ ತಂತಿ ಆಯಿ ಮಲಗಿದ್ದ ಕೋಣೆಯವರೆಗೆ ಬರುವಂತಿರಲಿಲ್ಲ. ಅಂಗಡಿಯಲ್ಲಿ ಚೀಲ ಹೊರುವ ಹಮಾಲರು ಆಯಿಯನ್ನು ಮಂಚದ ಸಮೇತ ಎತ್ತಿ ಅಂಗಡಿಗೆ ತಂದು ತೊಗರಿ ಚೀಲಗಳ ನಡುವೆ ಇಳಿಸಿದರಂತೆ. ಮಂಚ ಎಳೆದ ಸದ್ದು ಕೇಳಿಸಿದಾಗ ಕಾಕು ಫೋನನ್ನು ಅವ್ವನ ಕಿವಿಗೆ ಹಿಡಿದರು. ಅವ್ವ 'ಯವ್ವಾ' ಎಂದಳು. ಆಯಿ ಮಾತಾಡಿದಳು. ದೂರದ ಊರಿಗೆ ಕೇಳಿಸಬೇಕೆಂದು ಫೋನಿನಲ್ಲಿ ಯಾವಾಗಲೂ ಕಿರುಚುತ್ತಿದ್ದವಳು ಅವಳು, ಅಂದೂ ಕಿರುಚಿಯೇ ಹೇಳಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿರಬೇಕು.

'ನನ್ನನ್ನೂ ನಮ್ಮ ಸೋದರಮಾವಗೇ ಕೊಟ್ಟಿದ್ರು ಶರಣಮ್ಮಾ. ನನಗ ಯಾರೂ ಕೇಳಿದ್ದಿಲ್ಲ. ಕೇಳಿದ್ರ ನಾನೂ ಒಲ್ಲೆ ಅಂತಿದ್ದೆ. ನೀ ಬಾ. ಸುನಂದಾನ್ನೂ ಕರ್ಕೊಂಡು ಬಾ. ಮನಿ ಇನ್ನಾ ನಂದೇ ಅದ.'

ಅವ್ವ ಅದೇ ದಿನ ಹೊರಟಳು. ಅಕ್ಕ ಹಿಂಜರಿದಾಗ ಕಾಕು ಅವಳ ಚೀಲವನ್ನು ತಾವೇ ತುಂಬಿದರು. 'ತಪ್ಪು ಮಾಡಿದವರ ಗತೆ ಹಿಂದ ಹಿಂದ ನಿಲ್ಲಬ್ಯಾಡ. ಮುಂದ ಹೋಗು' ಎಂದರು. ನಾನೂ ಹೋಗಿದ್ದೆ. ಮಾಮಾ ಅಂಗಡಿಯ ಬಾಗಿಲಲ್ಲೇ ಇದ್ದ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ದಾರಿಗೆ ಅಡ್ಡ ಇದ್ದ ಒಂದು ಚೀಲವನ್ನು ಎಳೆದು ಪಕ್ಕಕ್ಕೆ ಸರಿಸಿದ. ಅಕ್ಕ ಮೊದಲು ಒಳಗೆ ಹೋದಳು. ಮುಂದಿನ ಸುಗ್ಗಿಯಲ್ಲಿ ತೊಗರಿ ರಾಶಿ ಮಾಡುವ ಕಾಲದವರೆಗೆ ಆಯಿ ಇದ್ದಳು. ಆ ತಿಂಗಳುಗಳಲ್ಲಿ ಅವ್ವ ಹೆಚ್ಚು ದಿನ ಅಲ್ಲಿಯೇ ಇದ್ದಳು, ತಾಯಿಯ ಬಾಯಿಗೆ ಕೊನೆಯ ನೀರು ಬಿಟ್ಟವಳೂ ಅವಳೇ.

ಆಮೇಲೆ ಅಪ್ಪನಿಗೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾವು ಸೇಡಂಗೆ ಹೋದೆವು. ಅಕ್ಕ ಚಿತ್ತಾಪುರದಲ್ಲಿ ಶಾಲೆಯ ಟೀಚರ್ ಆದಳು. ಎಲ್ಲರ ಕೈಗೂ ಮೊಬೈಲ್ ಬಂತು. ನಾನು ಕಾಕುವನ್ನು ಕೊನೆಯ ಸಲ ನೋಡಿದ್ದು ಆಗ ಒಮ್ಮೆ ಶಹಾಬಾದಿಗೆ ಹೋದಾಗ. ಅವರ ಮುಖದ ಸಿಡುಕು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನಾನು ದೊಡ್ಡವಳಾದ ಗತ್ತಿನಲ್ಲಿ, 'ಕಾಕು, ನಿಮ್ಮ ಉಪಕಾರ ನಾವು ಮರೆಯೂದಿಲ್ರಿ' ಎಂದೆ.

'ಉಪಕಾರ ಅಂದ್ರ ನೋಡು, ಎಬ್ಬಿಸಿ ಕಳಸ್ತೀನಿ' ಎಂದರು. 'ಉಪಕಾರ ಮಾಡೋರು ಬ್ಯಾರೆ ಇರ್ತಾರ, ಪಂಚಾಂಗ ನೋಡಿ ಮಾಡ್ತಾರ. ನಂದು ಹಠ. ಮಾಡಬ್ಯಾಡ ಅಂದ್ರಲ್ಲ, ಅದಕ್ಕ ಮಾಡಿದೆ.' ಓಣಿಯ ಕಡೆ ನೋಡುತ್ತ, 'ಈಗ ಯಾರ ಮನ್ಯಾಗ ಯಾರು ಅಳ್ಲಿಕತ್ತಾರ ಅನ್ನೋದೇ ತಿಳೀವಲ್ದವಾ' ಎಂದು ಸೇರಿಸಿದರು. ಎದ್ದು ಹೊರಟಾಗ ನನ್ನ ಕೈಯಲ್ಲಿ ಅವ್ವನಿಗೆಂದು ಒಂದು ಡಬ್ಬಿ ಚಟ್ನಿಪುಡಿ ಇಟ್ಟರು.

ಕಾಕು ತೀರಿಕೊಂಡದ್ದು ನಮಗೆ ತಿಳಿದದ್ದು ಹದಿಮೂರನೆಯ ದಿನವೂ ಮುಗಿದ ಮೇಲೆ. ಅಕ್ಕನ ಶಾಲೆಯಲ್ಲಿ ಶಹಾಬಾದಿನಿಂದ ಬರುವ ಒಬ್ಬ ಟೀಚರ್ ಊಟದ ಹೊತ್ತಿನಲ್ಲಿ ಏನೋ ಮಾತಿಗೆ ಹೇಳಿದರಂತೆ. ಅಕ್ಕ ಫೋನ್ ಮಾಡಿದಳು. ಅವ್ವ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡಳು. ನಾನು ಹಿಂದೆ ಓಡಿದೆ.

ಶಹಾಬಾದಿನಲ್ಲಿ ಬಸ್ಸಿಳಿದು ಹೋದಾಗ ಕಾಕುವಿನ ಕಟ್ಟೆಯ ಮೇಲೆ ಆಚಾರ್ಯರು ಕೂತಿದ್ದರು, ಕರ್ಮ ಮಾಡಿದವರೂ ಅವರೇ, ತಲೆ ಬೋಳಿಸಿಕೊಂಡಿದ್ದರು. ಅವ್ವ ಅವರೆದುರು ನಿಂತು, 'ನಮಗ ಯಾಕ ಹೇಳ್ಲಿಲ್ರಿ?' ಎಂದಳು.

'ನಮ್ಮವರಿಗೆಲ್ಲ ತಿಳಿಸಿದ್ವಿ. ಉಳದವರು ಒಬ್ಬರಿಗೊಬ್ಬರು ಹೇಳಿರ್ತಾರ ಅಂದ್ಕೊಂಡ್ವಿ. ಈಗ ಎಲ್ಲಾರ ಕೈಯಾಗೂ ಫೋನ್ ಅದಲ್ಲ' ಎಂದರು ಆಚಾರ್ಯರು.

ಅವ್ವ ದನಿ ಏರಿಸಲಿಲ್ಲ. 'ನಮ್ಮವ್ವನ ಮಾರಿ ನಾ ಕಡೀ ಸಲ ಕಣ್ತುಂಬ ನೋಡೂಹಂಗ ಮಾಡಿದವರು ಕಾಕು. ಅವರ ಮಾರಿ ನೀವು ನನಗ ತೋರಿಸ್ಲಿಲ್ಲ. ಇದನ್ನ ನಾ ಮರಿಯೂದಿಲ್ಲ ಆಚಾರ್ಯರೇ, ನಿಮಗೂ ಮರೀಗೊಡೂದಿಲ್ಲ' ಎಂದಳು.

 ಅವ್ವ ನಿಲ್ಲಲಿಲ್ಲ. ಅವರನ್ನು ದಾಟಿ, ಯಾರ ಅಪ್ಪಣೆಯನ್ನೂ ಕೇಳದೆ ಕಾಕು ಮಲಗುತ್ತಿದ್ದ ಕೋಣೆಗೆ ಹೋಗಿ, ತಾಯಿ ಸತ್ತ ಮನೆಯಲ್ಲಿ ಮಗಳು ಕೂರುವ ಹಾಗೆ ನೆಲದ ಮೇಲೆ ಕೂತು, ದೊಡ್ಡ ದನಿ ತೆಗೆದು ಅತ್ತಳು.